ನಲವತ್ತು ಮೂಟೆ ಮಣ್ಣು

ಸೆರಗನ್ನು ಸೊಂಟಕ್ಕೆ ಬಿಗಿದು ಅಂಗಳ ದಾಟುತ್ತಿದ್ದ ರಾಧಾಳಿಗೆ ವೆಂಕಟ್ ಅಡ್ಡ ನಿಂತ.

"ಎಲ್ಲಿಗಮ್ಮಾ? ನಮ್ ಭಾವ ಇಲ್ಲಿ ಮಲಗವ್ರೆ. ಹೆಣ ಬಿಟ್ಟು ಗುಡ್ಡ ಹತ್ತೋದಾ?"

"ಎಂಜಿನಿಯರ್ ಬಂದವ್ರೆ. ಹನ್ನೆರಡರೊಳಗೆ ಭಾರ ಏರಿಸ್ಬೇಕು. ಇವತ್ತು ಅವರು ಪಾಸ್ ಮಾಡ್ದಿದ್ರೆ ನಾಳೆ ಗೋಪುರ ಕೆಡವ್ತಾರೆ."

ರಾಯಲ್ಪಾಡಿನ ಆಚೆ, ಊರಿಗೆ ಅಂಟಿಕೊಂಡ ಗುಡ್ಡದ ನೆತ್ತಿಯಲ್ಲಿ ಕಾಡುಬೆಂಕಿ ಕಾಯುವ ಕಬ್ಬಿಣದ ಗೋಪುರವಿದೆ. ಅಂದು ಬೆಳಗ್ಗೆ ತೀರಿಕೊಂಡ ಕೋದಂಡರಾಮಪ್ಪ ಅಲ್ಲಿ ಇಪ್ಪತ್ತಾರು ವರ್ಷ ಕಾವಲಿಗಿದ್ದರು. ಅವರ ತಂಗಿಯ ಮಗಳು ರಾಧಾ ಗೌನಿಪಲ್ಲಿಯಲ್ಲಿ ಶಾಲಾ ಶಿಕ್ಷಕಿ. ಎಂಟು ಜನರನ್ನು ಕೂಡಿಸಿಕೊಂಡು ನಾಲ್ಕು ತಿಂಗಳಲ್ಲಿ ಗೋಪುರವನ್ನು ದುರಸ್ತಿ ಮಾಡಿದ್ದಳು. ಪರೀಕ್ಷೆಯಲ್ಲಿ ಅದರ ತುದಿಯ ಅಟ್ಟ ಸಾವಿರ ಕಿಲೊ ಭಾರವನ್ನು ಒಂದು ಗಂಟೆ ತಡೆಯಬೇಕು. ಇಪ್ಪತ್ತೈದು ಕಿಲೊ ತೂಗುವ ನಲವತ್ತು ಮಣ್ಣಿನ ಮೂಟೆಗಳು ಗುಡ್ಡದ ಬುಡದಲ್ಲಿದ್ದವು. ಒಂಬತ್ತು ಜನಕ್ಕೆ ಐದು ಸರದಿ. ಸರದಿಗೆ ಅರ್ಧ ಗಂಟೆಯಂತೆ ಎರಡೂವರೆ ಗಂಟೆ. ಉಳಿದದ್ದು ಐವತ್ತು ನಿಮಿಷ.

"ಮೂಟೆ ಯಾಕೆ? ಹದಿನೈದು ಆಳು ನಿಲ್ಸಿ, ಆಯ್ತು," ಎಂದ ವೆಂಕಟ್.

ಗಂಡನ ಹೆಣದ ಪಕ್ಕದಲ್ಲಿ ಕೂತಿದ್ದ ರಾಮಲಕ್ಷ್ಮಮ್ಮ ತಮ್ಮನತ್ತ ತಲೆಯೆತ್ತಿದರು.

"ಮೊದಲನೇ ಆಳು ನೀನೇ ನಿಲ್ತೀಯೇನೋ? ನಿಮ್ ಭಾವ ಎದ್ದು ಬಂದು ಕೆನ್ನೆಗೆ ಬಿಟ್ಟಾರು." ಬಳಿಕ ಸುತ್ತ ನೆರೆದವರತ್ತ ತಿರುಗಿದರು. "ಮದನಪಲ್ಲಿ ನೆಂಟರು ಬರೋದು ಮೂರಕ್ಕೆ, ಎತ್ತೋದು ಆಮೇಲೆ. ಅಲ್ಲೀಗಂಟ ನನ್ ಮುಖ ಏನ್ ನೋಡ್ತೀರ? ಏಳ್ರಿ! ಇವರ ಹತ್ರ ನಾನಿರ್ತೀನಿ."

ಮೂವತ್ತು ಜನ ಎದ್ದರು. ವೆಂಕಟ್ ಏಳಲಿಲ್ಲ.

*

ಹಳೆಯ ಏಣಿಯಲ್ಲಿ ಯಾವ ಮೆಟ್ಟಿಲು ಸಡಿಲವೆಂದು ದುರಸ್ತಿ ಶುರುವಾದಾಗ ರಾಧಾ ಕೋದಂಡರಾಮಪ್ಪನವರನ್ನು ಕೇಳಿದ್ದಳು.

"ಹನ್ನೊಂದನೇದು. ಹತ್ತೊಂಬತ್ತು ವರ್ಷದಿಂದ."

"ಯಾರಿಗೂ ಹೇಳ್ಲಿಲ್ವಾ ಮಾವ?"

"ಹೇಳಿದ್ರೆ ಗೋಪುರ ಮುಚ್ತಿದ್ರು, ನನ್ ಕೆಲಸ ಹೋಗ್ತಿತ್ತು. ಅದನ್ನ ದಾಟ್ಕೊಂಡು ಹತ್ತಿದೆ. ತಪ್ಪು ಮಾಡ್ದೆ ಕಣಮ್ಮಾ. ನನ್ ಹಿಂದೆ ಬರೋನಿಗೆ ಏನ್ ಗೊತ್ತು?"

ಅಂದಿನಿಂದ ಪ್ರತಿ ಬೋಲ್ಟನ್ನೂ ಅವರೇ ತಿರುಗಿಸಿ ನೋಡಿದರು. ಹೊಸ ಏಣಿಯಲ್ಲೂ ಅವರ ಕಾಲು ಹನ್ನೊಂದನೆಯದನ್ನು ದಾಟಿಯೇ ಹೋಗುತ್ತಿತ್ತು. ಜೊತೆಯವರು ನಕ್ಕರೆ ಅವರೂ ನಗುತ್ತಿದ್ದರು.

*

ಗುಡ್ಡದ ದಾರಿಯುದ್ದಕ್ಕೂ ಮೂಟೆಗಳು ಸಾಲಾಗಿ ಏರಿದವು.

"ಶಾಮಲಮ್ಮ, ಈ ವಯಸ್ಸಲ್ಲಿ ನಿಮಗ್ಯಾಕೆ ಈ ಭಾರ?" ಎಂದ ಮುಂದೆ ಹೋಗುತ್ತಿದ್ದ ಹುಡುಗ.

"ಟೊಮೇಟೊ ಕ್ರೇಟು ಹೊರೋಳು ಕಣೋ ನಾನು! ದಾರಿ ಬಿಡು!"

ನೆತ್ತಿಯಲ್ಲಿ ರಾಟೆ ಕಿರುಗುಟ್ಟಿತು. "ಎಳೀರಿ! ಇನ್ನೊಂದು!" ಹಗ್ಗ ಹಿಡಿದವರು ಒಟ್ಟಿಗೆ ಕೂಗುತ್ತಿದ್ದರು. ಹನ್ನೆರಡಕ್ಕೆ ನಾಲ್ಕು ನಿಮಿಷವಿದ್ದಾಗ ರಾಧಾ ಎಣಿಸಿದಳು: ಮೂವತ್ತೊಂಬತ್ತು. ಕೆಳಗೆ ಹೋಗಿಬರಲು ಸಮಯವಿಲ್ಲ.

ಬಂಡೆಯ ತಿರುವಿನಲ್ಲಿ ವೆಂಕಟ್ ಕಾಣಿಸಿದ. ಅಂಗಿ ಒದ್ದೆಯಾಗಿತ್ತು, ಹೆಗಲಲ್ಲಿ ಮೂಟೆ.

"ಅಕ್ಕ ಕಳ್ಸಿದ್ಲು," ಎಂದ, ಯಾರೂ ಕೇಳದಿದ್ದರೂ.

"ಓಡು ಮಾವ, ಓಡು!" ರಾಧಾ ಕೂಗಿದಳು.

ಎರಡು ನಿಮಿಷ ಮೊದಲೇ ನಲವತ್ತನೆಯದು ಅಟ್ಟ ಸೇರಿತು. ಒಂದು ಗಂಟೆ ಯಾರೂ ಗೋಪುರದ ಕೆಳಗೆ ಸುಳಿಯಲಿಲ್ಲ. ಅಟ್ಟ ಆರು ಮಿಲಿಮೀಟರಿಗಿಂತ ಹೆಚ್ಚು ಬಾಗಕೂಡದು. ಎಂಜಿನಿಯರು ಅಳತೆಯನ್ನು ಎರಡು ಸಲ ಓದಿದರು.

"ನಾಲ್ಕು. ಪಾಸ್."

ಕೂಗು ಗುಡ್ಡವನ್ನೇ ತುಂಬಿತು. ಶಾಮಲಮ್ಮ ವೆಂಕಟನ ಬೆನ್ನಿಗೆ ಗುದ್ದಿದರು. ಮರುಗಳಿಗೆಯಲ್ಲಿ ತಾವು ಎಲ್ಲಿಂದ ಎದ್ದು ಬಂದವರೆಂಬುದು ನೆನಪಾಗಿ ಒಬ್ಬೊಬ್ಬರೇ ದನಿ ತಗ್ಗಿಸಿದರು.

ಮೂಟೆಗಳು ಇಳಿದ ಮೇಲೆ ರಾಧಾ, ಎಂಜಿನಿಯರು ಅಟ್ಟ ಹತ್ತಿದರು. ನಾಲ್ಕೂ ದಿಕ್ಕಿಗೆ ಮಾವಿನ ತೋಪು, ಅದರಾಚೆ ಒಣಗಿದ ಕುರುಚಲು ಕಾಡು. ಎಂಜಿನಿಯರು ಥಟ್ಟನೆ ಕೈಚಾಚಿದರು.

"ಮೇಡಂ, ಅಲ್ಲಿ ಹೊಗೆ! ಸೀಟಿ ಊದಿ!"

ರಾಧಾ ಸೀಟಿಯನ್ನು ತುಟಿಗಿಟ್ಟು, ನೋಡಿ, ಇಳಿಸಿದಳು.

"ಅದು ನಮ್ಮ ಮಾವನ ಮನೆ ಸಾರ್. ಸಾವಾದ ಮನೆ ಮುಂದೆ ಬೆಂಕಿ ಹಾಕಿರ್ತಾರಲ್ಲ, ಅದು."

ಅಂಗಳದಲ್ಲಿ ಸಣ್ಣದಾಗಿ ಕಾಣುತ್ತಿದ್ದ ಯಾರೋ ಬಾಗಿ ಕೊಳ್ಳಿಯನ್ನು ಒಳಕ್ಕೆ ನೂಕಿದರು. ಹೊಗೆ ಒಮ್ಮೆ ದಟ್ಟವಾಗಿ, ಗಾಳಿಯಿಲ್ಲದ ಆಕಾಶಕ್ಕೆ ನೆಟ್ಟಗೆ ಏರತೊಡಗಿತು.