ಯಾವ ಸ್ಟೇಜು?

"ಎಷ್ಟಾಗಿತ್ತು ಹಂಸಾಗೆ?" ಎಂದು ಪಕ್ಕದ ಮನೆಯ ಗೌರಮ್ಮ ಕೇಳಿದಾಗ ವಿಮಲಾ ತಂಗಿಯ ಜಡೆ ಹೆಣೆಯುತ್ತಿದ್ದಳು. ಕೇಳಿಸದವಳಂತೆ ಕೈ ಚಾಚಿದಳು.

"ಆ ಮಲ್ಲಿಗೆ ಕೊಡಿ ಇಲ್ಲಿ."

"ಹೋದ ತಿಂಗಳು ತಾನೇ ರಿಟೈರ್ ಆದ್ಲು. ಅಲ್ಲಿಗೆ ಅರವತ್ತು ಅನ್ನಿ."

"ಇನ್ನೊಂದು ಮೊಳ ಇತ್ತಲ್ಲ, ಎಲ್ಲಿ?"

"ವಯಸ್ಸು ಕೇಳಿದ್ರೆ ಹೂವು ಕೇಳ್ತೀರಿ. ಅಕ್ಕ ತಂಗಿ ಇಬ್ರೂ ಇದರಲ್ಲಿ ಒಂದೇ," ಎಂದು ಗೌರಮ್ಮ ಹೂವಿನ ಬುಟ್ಟಿಯನ್ನೇ ಮುಂದಕ್ಕೆ ತಳ್ಳಿದರು.

ವಿಮಲಾ ಹೂ ಮುಡಿಸಿದಳು. ಗಿಳಿಹಸಿರು ಸೀರೆಯ ಸೆರಗನ್ನು ಎಳೆದಾಗ ಕತ್ತಿನ ಬುಡದಲ್ಲಿ ಹಳೆಯ ಆಪರೇಷನ್ನಿನ ಗೆರೆ ಕಂಡಿತು. ಹಂಸಾ ಅದನ್ನು ಎಂದೂ ಮುಚ್ಚಿಕೊಂಡವಳಲ್ಲ. ಕೇಳಿದವರಿಗೆ "ದೇವರು ಕೊಟ್ಟ ನೆಕ್ಲೇಸು, ಕೂಲಿ ಇಲ್ಲ, ವೇಸ್ಟೇಜ್ ಇಲ್ಲ" ಎನ್ನುತ್ತಿದ್ದಳು. ನಿನ್ನೆ ಮಧ್ಯಾಹ್ನ ಊಟ ಮುಗಿಸಿ ಫೋನಿನಲ್ಲಿ ನಗುತ್ತಿದ್ದವಳು ಹಾಗೆಯೇ ಕುರ್ಚಿಗೆ ಒರಗಿದ್ದಳು. ಹೃದಯ ನಿಂತಿತ್ತು. ಆ ಕಡೆ ಫೋನು ಹಿಡಿದಿದ್ದವಳು ವಿಮಲಾ. ನಗು ಅರ್ಧಕ್ಕೆ ನಿಂತಾಗ, ಲೈನು ಕಟ್ಟಾಯಿತೆಂದು ತಾನೂ ನಗುತ್ತಲೇ ಫೋನಿಟ್ಟಿದ್ದಳು.

ಹೊರಗೆ ಶಾಮಿಯಾನದ ಕೆಳಗೆ ಟೆಲಿಫೋನ್ ಎಕ್ಸ್‌ಚೇಂಜಿನವರು ಕೂತಿದ್ದರು. ಹಂಸಾಳ ಪಕ್ಕದ ಸೀಟಿನಲ್ಲಿದ್ದ ಸಂಜೀವಯ್ಯ ಅವಳ ಗಂಡ ಕಿಟ್ಟಿಗೆ ಹೇಳುತ್ತಿದ್ದರು: "ರಾಂಗ್ ನಂಬರ್ ಬಂದ್ರೂ ಮೇಡಂ ಸುಮ್ನೆ ಇಡ್ತಿರ್ಲಿಲ್ಲ ಸಾರ್. ಹಾಗೆ ಮಾತಾಡಿ ಮಾತಾಡೇ ಹನುಮಂತನಗರದ ಒಬ್ಬನಿಗೆ ಹೆಣ್ಣು ಗೊತ್ತು ಮಾಡಿದ್ರು. ಮದುವೆಗೆ ನಾವೆಲ್ಲ ಹೋಗಿದ್ವಿ!"

"ಊಟ ಚೆನ್ನಾಗಿತ್ತು," ಎಂದರು ಕಿಟ್ಟಿ. ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು.

ಒಳಗಿದ್ದ ವಿಮಲಾಗೆ ಮಾತ್ರ ನಗು ಬರಲಿಲ್ಲ. ಸ್ಮಶಾನದಲ್ಲೂ ವಯಸ್ಸು ಕೇಳುತ್ತಾರೆ.

* * *

ಅದು ತೊಂಬತ್ತೆರಡನೆಯ ಇಸವಿ. ಡಾಕ್ಟರ ಮೇಜಿನ ಮುಂದೆ ಹಂಸಾ, ಕಿಟ್ಟಿ, ವಿಮಲಾ ಮೂವರೂ ಕೂತಿದ್ದರು. ಹಂಸಾಳ ಥೈರಾಯ್ಡ್ ಗ್ರಂಥಿಯಲ್ಲಿ ಕ್ಯಾನ್ಸರ್. ಶ್ವಾಸಕೋಶದಲ್ಲೂ ರವೆ ಉದುರಿಸಿದ ಹಾಗೆ ಚುಕ್ಕಿಗಳು.

"ವಯಸ್ಸೆಷ್ಟಮ್ಮ?"

"ನಲವತ್ಮೂರು," ಎಂದಳು ಹಂಸಾ.

ಅದು ಎಸ್ಸೆಸ್ಸೆಲ್ಸಿ ವಯಸ್ಸು. ಬಾಲ್ಯದಲ್ಲಿ ಟೈಫಾಯ್ಡ್ ಮಲಗಿಸಿದ್ದರಿಂದ ಅವಳು ತಡವಾಗಿ ಶಾಲೆಗೆ ಸೇರಿದ್ದಳು. ಚಿಕ್ಕ ಮಕ್ಕಳ ಜೊತೆ ಕೂರಲು ನಾಚಬಾರದೆಂದು ಅಪ್ಪ ಮೂರು ವರ್ಷ ಕಡಿಮೆ ಬರೆಸಿದ್ದರು. ಅದು ವಿಮಲಾಗೆ ಗೊತ್ತಿತ್ತು.

ಡಾಕ್ಟರ ಮುಖ ಕೊಂಚ ಸಡಿಲಾಯಿತು. "ನಲವತ್ತೈದು ದಾಟಿಲ್ಲ, ಒಳ್ಳೇದಾಯ್ತು. ಈ ಕಾಯಿಲೆ ಲೆಕ್ಕದಲ್ಲಿ ವಯಸ್ಸು ತುಂಬಾ ಮುಖ್ಯ. ಇದೇ ಗಂಟು, ಇದೇ ಚುಕ್ಕಿ, ದೊಡ್ಡ ವಯಸ್ಸಿನವರಿಗೆ ಬಂದಿದ್ರೆ ಫೋರ್ತ್ ಸ್ಟೇಜ್ ಅಂತಿದ್ವಿ. ನಿಮ್ಮದು ಸೆಕೆಂಡ್ ಸ್ಟೇಜ್."

ಅಷ್ಟು ಹೊತ್ತೂ ಕಿಟಕಿಯಾಚೆ ನೋಡುತ್ತಿದ್ದ ಕಿಟ್ಟಿ ಬೆಚ್ಚಿ ತಿರುಗಿದರು. "ಸೆಕೆಂಡ್ ಅಲ್ಲ ಡಾಕ್ಟ್ರೇ, ತರ್ಡ್ ಸ್ಟೇಜು. ಕತ್ರಿಗುಪ್ಪೆ ಹತ್ರ."

ಡಾಕ್ಟರು ಪೆನ್ನು ಕೆಳಗಿಟ್ಟರು. ಮೊದಲು ಅರ್ಥವಾದದ್ದು ಹಂಸಾಗೆ.

"ಇವರು ಮನೆ ಅಡ್ರೆಸ್ ಹೇಳ್ತಿದಾರೆ ಸಾರ್! ಬನಶಂಕರಿ ತರ್ಡ್ ಸ್ಟೇಜು!"

ಅವಳು ನಕ್ಕಿದ್ದಕ್ಕೆ ಬಾಗಿಲ ಬಳಿಯ ನರ್ಸು ಒಳಗೆ ಇಣುಕಿದಳು. ಆದರೆ ಮೇಜಿನ ಕೆಳಗೆ ಹಂಸಾಳ ಕಾಲು ವಿಮಲಾಳ ಕಾಲನ್ನು ಬಲವಾಗಿ ತುಳಿದಿತ್ತು.

ಕಾರಿಡಾರಿನಲ್ಲಿ ಅವಳು ಪಿಸುಗುಟ್ಟಿದಳು. "ಅಕ್ಕ, ಬಾಯಿಬಿಟ್ಯೋ ನೋಡು. ನನ್ನನ್ನ ಇನ್ನೆರಡು ಸ್ಟೇಜ್ ಮುಂದಕ್ಕೆ ಕಳಿಸಿಬಿಡ್ತಾರೆ."

"ಡಾಕ್ಟ್ರ ಹತ್ರ ಯಾರಾದ್ರೂ ಸುಳ್ಳು ಹೇಳ್ತಾರೇನೇ?"

"ಸುಳ್ಳೇನು? ಮಾರ್ಕ್ಸ್ ಕಾರ್ಡಲ್ಲಿ ಇರೋದೇ ಅಷ್ಟು. ಆಣೆ ಇಡು, ಯಾರಿಗೂ ಹೇಳಲ್ಲ ಅಂತ."

ವಿಮಲಾ ಆಣೆ ಇಟ್ಟಳು. ಆಪರೇಷನ್ ಆಯಿತು. ವಿಕಿರಣವಿರುವ ಅಯೋಡಿನ್ ಔಷಧಿ ಕುಡಿಸಿ ಯಾರೂ ಹತ್ತಿರ ಹೋಗದ ಕೋಣೆಯಲ್ಲಿ ಹಂಸಾಳನ್ನು ಇಟ್ಟರು. ಅವಳು ಅಲ್ಲಿಂದಲೇ ಹುಳಿಗೆ ಉಪ್ಪಿಲ್ಲವೆಂದು ಕೂಗಿ ಹೇಳುತ್ತಿದ್ದಳು. ನಿಧಾನಕ್ಕೆ ಚುಕ್ಕಿಗಳು ಮಾಸಿದವು. ಆದರೂ ತಂಗಿ ಸಣ್ಣಗೆ ಕೆಮ್ಮಿದರೆ ಸಾಕು, ವಿಮಲಾಳ ಎದೆ ಹೊಡೆದುಕೊಳ್ಳುತ್ತಿತ್ತು. ವಯಸ್ಸು ತಪ್ಪು ಹೇಳಿದ್ದಕ್ಕೆ ಔಷಧಿ ಕಡಿಮೆ ಕೊಟ್ಟಿದ್ದರೆ? ಹದಿನೇಳು ವರ್ಷ ಆ ಪ್ರಶ್ನೆಯನ್ನು ಅವಳು ಯಾರಲ್ಲೂ ಕೇಳಲಿಲ್ಲ.

* * *

ಹೆಂಗಸರು ಬರುವುದು ಬೇಡವೆಂದು ಪುರೋಹಿತರು ಹೇಳಿದರೂ ವಿಮಲಾ ವ್ಯಾನು ಹತ್ತಿದಳು. ವಿದ್ಯುತ್ ಚಿತಾಗಾರದ ಕಿಟಕಿಯ ಹಿಂದೆ ಕೂತಿದ್ದ ಗುಮಾಸ್ತ ತಲೆ ಎತ್ತದೆ ಕೇಳಿದ.

"ಹೆಸರು?"

"ಹಂಸಾ," ಎಂದಳು ವಿಮಲಾ.

"ವಯಸ್ಸು?"

ಅವಳು ಹಂಸಾಳ ಗುರುತಿನ ಚೀಟಿಯನ್ನು ಕಿಟಕಿಯೊಳಗೆ ತಳ್ಳಿದಳು.

"ಅರವತ್ಮೂರು," ಎಂದರು ಕಿಟ್ಟಿ, ಹಿಂದಿನಿಂದ.

ವಿಮಲಾ ಗಕ್ಕನೆ ತಿರುಗಿದಳು. ಗುಮಾಸ್ತ ಗುರುತಿನ ಚೀಟಿ ನೋಡಿದ. "ಇದರಲ್ಲಿ ಅರವತ್ತು ಅಂತಿದೆಯಲ್ಲ ಸಾರ್?"

"ಹಾಗಾದ್ರೆ ಅರವತ್ತೇ ಬರ್ಕೊಳ್ಳಿ. ಒಂದ್ಸಲ ಬಾಯಲ್ಲಿ ಹೇಳ್ಬೇಕು ಅನ್ನಿಸ್ತು, ಅಷ್ಟೆ."

ಎಲ್ಲ ಮುಗಿಸಿ, ತಲೆಗೆ ನೀರು ಹಾಕಿಕೊಂಡು ಇಬ್ಬರೂ ಗೇಟಿನ ಹೊರಗೆ ಹೊಂಗೆ ಮರದ ಕೆಳಗೆ ನಿಂತರು.

"ನಿಮಗೆ ಹೇಗೆ ಗೊತ್ತು, ಕಿಟ್ಟಿ?"

"ಅತ್ತಿಗೆ, ಜಾತಕ ಕೊಟ್ಟಿದ್ದು ನಿಮ್ಮಪ್ಪನೇ ಅಲ್ವಾ? ಶಾಲೆಗೆ ಸುಳ್ಳು ಹೇಳಬಹುದು, ಜಾತಕಕ್ಕೆ ಹೇಳೋಕಾಗತ್ತಾ?"

"ಮತ್ತೆ ಡಾಕ್ಟ್ರ ಮುಂದೆ ಸುಮ್ನಿದ್ರಿ?"

"ಅವತ್ತು ಸುಮ್ನಿದ್ದೆ. ಆ ವಾರದಲ್ಲೇ ಒಬ್ನೇ ಹೋಗಿ ಹೇಳಿದೆ. 'ಔಷಧಿ ಅದೇ ಕಣ್ರೀ, ನಂಬರ್ ಮಾತ್ರ ಬೇರೆ. ಫೈಲಲ್ಲಿ ನಾಲ್ಕು ಅಂತ ತಿದ್ಕೋತೀನಿ. ಆಕೆ ಎರಡರಲ್ಲೇ ಆರಾಮಾಗಿರ್ಲಿ' ಅಂದ್ರು."

"ನಾಲ್ಕು," ಎಂದಳು ವಿಮಲಾ.

"ನಿಮಗೆ ಹೇಳಿದ್ರೆ ಹೆದರ್ತೀರಿ ಅಂತ ಹೇಳ್ಲಿಲ್ಲ."

"ಹದಿನೇಳು ವರ್ಷ ಹೆದರಿದ್ದೀನಲ್ರೀ ನಾನು!"

ಅವಳ ಧ್ವನಿ ಒಡೆಯಿತು. ಅಳುವೋ ನಗುವೋ ಅವಳಿಗೇ ತಿಳಿಯಲಿಲ್ಲ. ನಾಲ್ಕನೇ ಸ್ಟೇಜಿನಲ್ಲಿ ಕೂತು ಹಂಸಾ ಊರವರಿಗೆಲ್ಲ ಮದುವೆ ಗೊತ್ತು ಮಾಡಿದ್ದಳು.

ಆಟೋ ಬಂದು ನಿಂತಿತು. ಇಬ್ಬರೂ ಹತ್ತಿದರು.

"ಎಲ್ಲಿಗೆ ಸಾರ್?"

"ಬನಶಂಕರಿ," ಎಂದರು ಕಿಟ್ಟಿ.

"ಯಾವ ಸ್ಟೇಜು?"

"ಸೆಕೆಂಡ್," ಎಂದಳು ವಿಮಲಾ, ಎಲ್ಲೋ ನೋಡುತ್ತಾ.

"ಸೆಕೆಂಡ್ ಅಲ್ಲಪ್ಪ, ತರ್ಡ್ ಸ್ಟೇಜು. ಕತ್ರಿಗುಪ್ಪೆ..." ಎನ್ನುತ್ತಿದ್ದ ಕಿಟ್ಟಿ ಅಲ್ಲಿಗೇ ಮಾತು ನಿಲ್ಲಿಸಿದರು. ಅತ್ತಿಗೆಯ ಮುಖ ನೋಡಿದರು.

ಡ್ರೈವರ್ ಮೀಟರ್ ಹಾಕಲು ಹೋದ ಕೈ ತಡೆದು ಕನ್ನಡಿಯೊಳಗೆ ಕಣ್ಣಿಟ್ಟ. ಹಿಂದಿನ ಸೀಟಿನಲ್ಲಿ, ಸ್ಮಶಾನದ ಗೇಟಿನೆದುರಿಗೇ, ಒದ್ದೆ ತಲೆಯ ಇಬ್ಬರು ವಯಸ್ಸಾದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.