ತಪ್ಪಿದ ಕೊಂಡಿ

ಪರದೆಯ ಮೇಲೆ ಪ್ರೀತಿಯ ಹೆಸರಿನ ಕೆಳಗೆ ಎಚ್ಚರಿಕೆ ಮೂಡಿತ್ತು: ಸಂದೇಶ ತೆರೆಯುವ ಕೀಲಿ ಹೊಸದು, ಎದುರಿಗಿರುವವರು ಯಾರೆಂದು ಖಾತ್ರಿಯಿಲ್ಲ. ಚೇತನಾ ಕೀಬೋರ್ಡಿನಿಂದ ಕೈ ತೆಗೆದಳು.

"ಎಲ್ಲಿಗೆ ಬರ್ಲಿ? ಲಗೂ ಹೇಳು" ಎಂದು ಆ ಕಡೆಯಿಂದ ಬಂತು.

ಬಾಗಲಕೋಟೆಯ ನರ್ಸಿಂಗ್ ಕಾಲೇಜಿಗೆ ಪ್ರೀತಿ ಸೇರಲು ನಾಳೆಯೇ ಕೊನೆಯ ದಿನ. ಬಾದಾಮಿಯಲ್ಲಿ ಸೀರೆ ಅಂಗಡಿ ಇಟ್ಟಿದ್ದ ಅಣ್ಣ ಅನಿಲಕುಮಾರ ಅವಳಿಗೆ ಗಂಡು ಗೊತ್ತುಮಾಡಿ, ಹೊಸ್ತಿಲು ದಾಟದಂತೆ ಕೂಡಿಹಾಕಿದ್ದ. ಅವಳ ಈಮೇಲನ್ನೂ ಓದದೆ ಬಿಟ್ಟಿರಲಿಲ್ಲ ಪುಣ್ಯಾತ್ಮ. ಅದಕ್ಕೇ, ಅವಳು ತಪ್ಪಿಸಿಕೊಂಡು ಬರುವ ಮಾತನ್ನು ಗುಟ್ಟಾಗಿ ಆಡಲೆಂದು, ಇಳಕಲ್ಲಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ಗೆಳತಿ ಚೇತನಾ ಎರಡು ವಾರ ಒದ್ದಾಡಿ, ಅವ್ವನ ಮಗ್ಗದ ಕೋಣೆಯ ಹಳೆಯ ಕಂಪ್ಯೂಟರನ್ನೇ ಚಾಟ್ ಸರ್ವರ್ ಮಾಡಿದ್ದಳು. ಈ ತುದಿಯಲ್ಲಿ ಬೀಗ ಬಿದ್ದ ಮಾತು ಆ ತುದಿಯಲ್ಲೇ ತೆರೆಯಬೇಕು, ನಡುವಿನ ಸರ್ವರ್‌ಗೂ ತಿಳಿಯದು. ಆ ಜಂಬವೆಲ್ಲ ಈಗ ಇಳಿಯಿತು. ಪಾಸ್‌ವರ್ಡ್ ಕಿತ್ತುಕೊಂಡು ಆ ತುದಿಯಲ್ಲೇ ಬೇರೆಯವರು ಕೂತರೆ?

ಗುರುತಿಗೆಂದು ಗೆಳತಿಯರು ಒಂದು ಪ್ರಶ್ನೆ ಇಟ್ಟುಕೊಂಡಿದ್ದರು. ಚೇತನಾ ಬರೆದಳು: "ಸೀರಿ ಮೈಗೆ ಸೆರಗು ಹೆಂಗ ಕೂಡಸ್ತಾರ?"

"ಎಳಿಗೆ ಎಳಿ ಸಿಗಿಸಿ, ಕೊಂಡಿ ಹಾಕಿ."

ಚೇತನಾ ಮಗ್ಗದ ಕಡೆ ತಿರುಗಿ, "ಉತ್ತರ ಸರಿ ಬಂತವ್ವಾ" ಎಂದು ಪ್ರಶ್ನೆಯನ್ನೂ ಹೇಳಿದಳು. ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದ ಅವ್ವ ಇಂದ್ರವ್ವ ಲಾಳಿ ನಿಲ್ಲಿಸಿದಳು.

"ಹುಚ್ಚಿ, ಸೀರಿ ಮಾರಾಂವಗ ಅಷ್ಟು ಗೊತ್ತಿರಂಗಿಲ್ಲೇನ? ಇಳಕಲ್ಲಿನ ಕೂಸಿಗೂ ಗೊತ್ತೈತಿ."

ನಾಚಿಕೆಯಿಂದ ಚೇತನಾಳ ಮುಖ ಬಿಸಿಯಾಯಿತು. ಮತ್ತೆ ಕೇಳಿದಳು: "ನೀ ತಪ್ಪು ಹಾಕಿದ ಕೊಂಡಿ ಆಮ್ಯಾಲ ಏನ್ ಮಾಡಿದ್ವಿ?"

ಉತ್ತರ ಬಂತು: "ಬಿಚ್ಚಿ ಮತ್ತ ಹಾಕಿದ್ವಿ."

ಯಾವ ನೇಕಾರರಾದರೂ ಹಾಗೆಯೇ ಮಾಡುತ್ತಾರೆ. ಆದರೆ ಪ್ರೀತಿ ಇಲ್ಲಿ ಓದುತ್ತಿದ್ದಾಗ ಆಸೆಪಟ್ಟು ಹಾಕಿದ ಆ ಕೊಂಡಿಯನ್ನು, "ಇರ್ಲಿ, ಆಕಿ ಕೈಗುರುತು" ಎಂದು ಇಂದ್ರವ್ವ ಬಿಚ್ಚಗೊಟ್ಟಿರಲಿಲ್ಲ. ಮಾರದೆ ಉಳಿದ ಸೀರೆ ಪೆಟ್ಟಿಗೆಯಲ್ಲಿತ್ತು.

ಚೇತನಾ ಬರೆದಳು: "ಅಮೀನಗಡ ಬಸ್ ಸ್ಟ್ಯಾಂಡಿಗೆ ಬಾ. ಇವತ್ತ ಮಧ್ಯಾಹ್ನ ಎರಡಕ್ಕ. ನಾ ಅಲ್ಲಿರ್ತೇನಿ."

"ಬರ್ತೇನಿ."

"ಅವ್ವಾ, ಇದು ಪ್ರೀತಿ ಅಲ್ಲ, ಆಕಿ ಅಣ್ಣ. ಆತ ಅಮೀನಗಡಕ್ಕ ಬಂದ್ರ ಅವ್ರ ಮನ್ಯಾಗ ಪ್ರೀತಿ ಜೋಡಿ ಆಕಿ ಅವ್ವ ಒಬ್ಬಾಕಿನ ಇರ್ತಾಳ. ಆಕಿ ತಡಿಯಂಗಿಲ್ಲ. ನಾ ಬಾದಾಮಿಗೆ ಹೋಗ್ತೇನಿ."

ಇಂದ್ರವ್ವ ಪೆಟ್ಟಿಗೆ ತೆರೆದು ಆ ಸೀರೆಯನ್ನೇ ತೆಗೆದಳು. "ಚೂಡಿದಾರ ಬ್ಯಾಡ. ಆತ ನಿನ್ನ ನೋಡ್ಯಾನ. ಇದನ್ನ ಉಟ್ಕೊ, ತಲಿಮ್ಯಾಲ ಸೆರಗು ಹೊದ್ಕೊ."

ಬಾದಾಮಿ ಬಸ್ಸು ಅಮೀನಗಡದಲ್ಲಿ ನಿಂತಾಗ ಇನ್ನೂ ಒಂದೂವರೆ. ಕರದಂಟಿನ ಅಂಗಡಿಯ ಮುಂದೆ ಅನಿಲಕುಮಾರ ಆಗಲೇ ನಿಂತಿದ್ದ. ಇಳಿಯುವವರ ಮುಖಗಳನ್ನು ಒಂದೊಂದಾಗಿ ನೋಡಿ, ಕಿಟಕಿಗಳತ್ತ ಕಣ್ಣೆತ್ತಿದ. ಚೇತನಾ ಕೆಂಪು ಸೆರಗನ್ನು ಮೂಗಿನವರೆಗೆ ಎಳೆದು ಬಿಗಿಯಾಗಿ ಹಿಡಿದಳು. ಅವನ ಕಣ್ಣು ಅವಳ ಕಿಟಕಿಯ ಮೇಲೆ ಬಂತು, ನಿಂತಿತು, ಮುಂದೆ ಹೋಯಿತು.

ಕಂಡಕ್ಟರ್ ಸೀಟಿ ಊದಿದ. ಅನಿಲಕುಮಾರ ಕೈಗಡಿಯಾರ ನೋಡಿಕೊಂಡು ಅಂಗಡಿಯ ಬೆಂಚಿನ ಮೇಲೆ ಕೂತ. ಬಸ್ಸು ಊರು ದಾಟಿದ ಮೇಲೂ ಚೇತನಾ ಹಿಡಿ ಸಡಿಲಿಸಲಿಲ್ಲ. ಬೆರಳ ಕೆಳಗೆ ಪ್ರೀತಿ ಹಾಕಿದ ತಪ್ಪು ಕೊಂಡಿ ಒರಟಾಗಿ ಒತ್ತುತ್ತಿತ್ತು.