ಅಪ್ಪನ ಏಳು ಗುಂಡಿ

ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ನಾನು ಚೆಕ್ಕರ್. ಸಾಲಿನ ಕೊನೆಯ ಮೇಜು ನನ್ನದು. ಹೊಲಿದು, ಇಸ್ತ್ರಿಯಾಗಿ ಬಂದ ಅಂಗಿಯನ್ನು ಬೆಳಕಿಗೆ ಹಿಡಿಯುವುದು, ಹೊಲಿಗೆ ಒಂದು ನೂಲಿನಷ್ಟು ಆಚೀಚೆ ಆಗಿದ್ದರೂ ಕೆಂಪು ಚೀಟಿ ಅಂಟಿಸಿ ವಾಪಸ್ ಕಳಿಸುವುದು, ಇಷ್ಟೇ ಇಪ್ಪತ್ತಾರು ವರ್ಷದಿಂದ ಮಾಡುತ್ತಾ ಬಂದ ಕೆಲಸ. ಮೊಸರಲ್ಲಿ ಕಲ್ಲು ಹುಡುಕುವವಳು ಎಂದು ಟೈಲರ್‌ಗಳು ಬೆನ್ನ ಹಿಂದೆ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಕಲ್ಲು ಹಾಕಿದವರು ಯಾರು, ನಾನಾ?

ಅಪ್ಪನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋದ ಮೇಲೆ ಎಂಟು ತಿಂಗಳು ಮನೆಯಲ್ಲಿ ನಾನೇ ನೋಡಿಕೊಂಡೆ. ಕೊನೆಗೆ ನನ್ನ ಸೊಂಟವೂ ಕೈಕೊಟ್ಟಿತು. ಆಗ ಅವನನ್ನು ಆರೈಕೆ ಕೇಂದ್ರಕ್ಕೆ ಸೇರಿಸಿದೆ. ಮೊದಲ ತಿಂಗಳು ನೋಡಿ, ಇಷ್ಟವಾದರೆ ಸಹಿ ಹಾಕಿ, ಇಲ್ಲದಿದ್ದರೆ ಕರೆದುಕೊಂಡು ಹೋಗಿ ಎಂದರು ಅಲ್ಲಿಯವರು. ನೋಡುವುದನ್ನು ನನಗೆ ಹೇಳಿಕೊಡಬೇಕೇ?

ದಿನಾ ಸಂಜೆ ಫ್ಯಾಕ್ಟರಿ ಬಿಟ್ಟವಳೇ ಅಲ್ಲಿಗೆ ಹೋಗುತ್ತಿದ್ದೆ. ಮಂಚದ ಕೆಳಗೆ ಬೆರಳಾಡಿಸಿದೆ, ಧೂಳಿಲ್ಲ. ಹಾಸಿಗೆ ಮೂಸಿದೆ, ಸೋಪಿನ ವಾಸನೆ. ಅಪ್ಪನ ಬೆನ್ನು ನೋಡಿದೆ, ಒಂದು ಹುಣ್ಣಿಲ್ಲ. ಆದರೆ ಅಂಗಿ! ಏಳು ಗುಂಡಿಯ ಅಂಗಿಯಲ್ಲಿ ಒಂದು ದಿನವೂ ಗುಂಡಿ ಸರಿಯಾಗಿ ಹಾಕಿರಲಿಲ್ಲ. ಎರಡನೆಯ ಗುಂಡಿ ಮೂರನೆಯ ಕಾಜಿನ ತೂತಿಗೆ, ಕಾಲರ್ ಒಂದು ಕಡೆ ಮೇಲೆ, ಇನ್ನೊಂದು ಕಡೆ ಕೆಳಗೆ. ಮೂವತ್ತು ವರ್ಷ ಲಾರಿ ಓಡಿಸಿದರೂ ಇಸ್ತ್ರಿಯಿಲ್ಲದ ಅಂಗಿ ತೊಡದ ಮನುಷ್ಯ ನಮ್ಮಪ್ಪ.

ಅವನನ್ನು ನೋಡಿಕೊಳ್ಳುತ್ತಿದ್ದ ಸಿಸ್ಟರ್ ನನ್ನ ವಯಸ್ಸಿನವಳೇ. ಹತ್ತನೇ ದಿನ ಅವಳನ್ನು ತಡೆದು ಕೇಳಿದೆ.

"ಏನ್ ಸಿಸ್ಟರ್, ಒಂದು ಅಂಗಿ ಗುಂಡಿ ನೆಟ್ಟಗೆ ಹಾಕೋಕೂ ಪುರುಸೊತ್ತಿಲ್ವಾ ನಿಮಗೆ?"

ಅವಳು ಅಪ್ಪನ ಕಡೆ ನೋಡಿದಳು. ಅಪ್ಪ ಕಿಟಕಿ ಕಡೆ ನೋಡಿದ.

"ಸರಿಹೋಗುತ್ತೆ ಬಿಡಿ ಅಕ್ಕಾ," ಎಂದು ಹೇಳಿ ಹೊರಟೇಹೋದಳು.

ಸರಿಹೋಗುತ್ತದಂತೆ! ನನಗೆ ಮೈಯೆಲ್ಲ ಉರಿದುಹೋಯಿತು. ನಾನೇ ಅಂಗಿ ಸರಿಮಾಡಲು ಹೋದರೆ ಅಪ್ಪ ಮುಖ ಗಂಟಿಕ್ಕಿ ಆಚೆ ತಿರುಗಿಕೊಳ್ಳುತ್ತಿದ್ದ. ಇಲ್ಲಿ ತಂದುಬಿಟ್ಟೆನೆಂದು ಮುನಿಸು ಇರಬೇಕು ಅಂದುಕೊಂಡೆ.

ಮರುವಾರವೇ ಮೂರು ಬೀದಿ ಆಚೆಯ ಇನ್ನೊಂದು ಕೇಂದ್ರ ನೋಡಿಬಂದೆ. ಅಲ್ಲಿ ಹಜಾರದಲ್ಲಿ ಹನ್ನೆರಡು ಜನ ಮುದುಕರು ಸಾಲಾಗಿ ಕೂತಿದ್ದರು. ಕೆದರಿದ ಕೂದಲಿಲ್ಲ, ತಪ್ಪಿದ ಗುಂಡಿಯಿಲ್ಲ, ಹನ್ನೆರಡು ಜೊತೆ ಕೈ ಅಚ್ಚುಕಟ್ಟಾಗಿ ತೊಡೆಯ ಮೇಲೆ. "ಒಬ್ಬೊಬ್ಬರಿಗೆ ಮೂರೇ ನಿಮಿಷ ಮೇಡಂ, ಎಲ್ಲಾ ನಾವೇ ಹಾಕಿಬಿಡ್ತೀವಿ, ಅವರು ಬೆರಳೂ ಅಲ್ಲಾಡಿಸೋ ಹಾಗಿಲ್ಲ," ಎಂದರು ಅಲ್ಲಿಯ ಮ್ಯಾನೇಜರ್. ನನ್ನ ಮೇಜಿಗೆ ಬಂದಿದ್ದರೆ ಹನ್ನೆರಡಕ್ಕೆ ಹನ್ನೆರಡೂ ಪಾಸು. ಶನಿವಾರ ಮಧ್ಯಾಹ್ನದವರೆಗೆ ಒಂದು ಮಂಚ ಹಿಡಿದಿಡಲು ಹೇಳಿ ಬಂದೆ.

ಶನಿವಾರ ರಜೆ ಹಾಕಿ, ಬೆಳಿಗ್ಗೆ ಏಳೂವರೆಗೇ ಅಪ್ಪನ ಬಟ್ಟೆಬರೆ ಕಟ್ಟಿಕೊಳ್ಳಲು ಹೋದೆ. ಅಷ್ಟು ಹೊತ್ತಿಗೆ ನಾನು ಅಲ್ಲಿ ಕಾಲಿಟ್ಟದ್ದು ಅದೇ ಮೊದಲು. ಬಾಗಿಲು ಅರ್ಧ ತೆರೆದಿತ್ತು. ಅಪ್ಪ ಮಂಚದ ಅಂಚಿಗೆ ಕೂತಿದ್ದ. ಸಿಸ್ಟರ್ ಎದುರಿಗೆ ಸ್ಟೂಲಿನ ಮೇಲೆ, ಎರಡೂ ಕೈ ತನ್ನ ಕಂಕುಳಲ್ಲಿ ಇಟ್ಟುಕೊಂಡು ಕೂತಿದ್ದಳು. ಅಪ್ಪನ ಬಲಗೈ ಎದೆಯ ಮೇಲೆ ನಡುಗುತ್ತಾ ಗುಂಡಿ ಹುಡುಕುತ್ತಿತ್ತು.

ಬಲಗೈ! ನಮ್ಮ ಮನೆಯಲ್ಲಿ ಎಂಟು ತಿಂಗಳು ಮಡಿಲಲ್ಲಿ ಬಿದ್ದುಕೊಂಡಿದ್ದ ಕೈ.

ಗುಂಡಿ ಸಿಕ್ಕಿತು, ಜಾರಿತು. ಮತ್ತೆ ಸಿಕ್ಕಿತು, ಕಾಜಿನ ಬಾಯಿಗೆ ಬಂದು ಮತ್ತೆ ಜಾರಿತು. ಅಪ್ಪ ಒಂದು ಲಾರಿಯವರ ಬೈಗುಳ ಬೈದ.

"ಬೈರಿ, ಬೈರಿ. ನಿಧಾನ. ಅವಸರವೇ ಅಪಘಾತಕ್ಕೆ ಕಾರಣ ಅಂತ ನಿಮ್ಮ ಲಾರಿ ಹಿಂದೇನೇ ಬರೆಸಿದ್ರಂತಲ್ಲ," ಎಂದಳು ಸಿಸ್ಟರ್.

ನಾನು ಹೊರಗೇ ನಿಂತೆ. ನಲವತ್ತು ನಿಮಿಷ. ಆ ಸಿಸ್ಟರ್ ಒಮ್ಮೆಯೂ ಕೈ ಚಾಚಲಿಲ್ಲ, ಗಡಿಯಾರ ನೋಡಲಿಲ್ಲ. ಮನೆಯಲ್ಲಿ ನಾನು ಅದೇ ಗುಂಡಿಗಳನ್ನು ಒಂದು ನಿಮಿಷದಲ್ಲಿ ಹಾಕಿ, ಆಯ್ತಪ್ಪಾ ಅಂತ ಕೆನ್ನೆ ತಟ್ಟಿ ಹೋಗುತ್ತಿದ್ದೆ. ಪ್ರೀತಿಯಿಂದಲೇ ಮಾಡಿದ್ದು. ಆ ಪ್ರೀತಿಯೇ ಅವನ ಕೈಯನ್ನು ಮಲಗಿಸಿಬಿಟ್ಟಿತ್ತು. ಕೊನೆಯ ಮೇಜಿನವಳಿಗೆ ತಯಾರಾದ ಅಂಗಿ ಮಾತ್ರ ಕಾಣುತ್ತದೆ, ಅದು ತಯಾರಾಗುವುದು ಕಾಣುವುದಿಲ್ಲ. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ, ನನ್ನಪ್ಪನಿಗಾಗಿ ಇಷ್ಟು ಹೊತ್ತು ಸುಮ್ಮನೆ ಕೂರುವ ಜೀವವೊಂದು ಇದೆಯಲ್ಲಾ ಎಂದು ಕಣ್ಣು ತುಂಬಿತು.

ಹೊರಬಂದ ಸಿಸ್ಟರ್ ನನ್ನನ್ನು ನೋಡಿ ಗಾಬರಿಯಾದಳು.

"ಅವತ್ತೇ ಯಾಕೆ ಹೇಳಲಿಲ್ಲ?" ಎಂದೆ.

"ಹೇಳಬಾರದು ಅಂತ ಆಣೆ ಹಾಕಿಸಿಕೊಂಡಿದ್ರು ಅಕ್ಕಾ. ನಮ್ಮ ಮಗಳು ಚೆಕ್ಕರ್ರು, ಅರ್ಧಂಬರ್ಧ ಮಾಲು ಅವಳ ಮುಂದೆ ಇಡಬಾರದು, ಏಳೂ ನೆಟ್ಟಗೆ ಬಿದ್ದ ದಿನ ನಾನೇ ತೋರಿಸ್ತೀನಿ ಅಂದ್ರು. ಆವರೆಗೆ ನಿಮ್ಮ ಬೈಗುಳ ನನ್ನ ಪಾಲಿಗೆ," ಎಂದು ನಕ್ಕಳು.

ಅವಳ ಎರಡೂ ಕೈ ಹಿಡಿದುಕೊಂಡೆ. "ನಿಮ್ಮ ಋಣ ದೊಡ್ಡದು ತಾಯಿ," ಎಂದೆ. ಅಲ್ಲೇ ನಿಂತು ಆ ಇನ್ನೊಂದು ಕೇಂದ್ರಕ್ಕೆ ಫೋನು ಮಾಡಿ, ಮಂಚ ಬೇರೆಯವರಿಗೆ ಕೊಡಿ ಎಂದು ಹೇಳಿದೆ.

ಒಳಗೆ ಹೋದೆ. ಏಳರಲ್ಲಿ ಆರು ನೆಟ್ಟಗಿದ್ದವು. ಕೊನೆಯದು ಮಾತ್ರ ಕಾಜು ತಪ್ಪಿ ನೇತಾಡುತ್ತಿತ್ತು. ಇಪ್ಪತ್ತಾರು ವರ್ಷದ ಚಾಳಿಯಲ್ಲವೇ, ನನ್ನ ಕೈ ತಾನಾಗಿಯೇ ಅದರ ಕಡೆ ಹೋಯಿತು. ಚಟ್ ಎಂದು ಏಟು ಬಿತ್ತು. ಬಲಗೈಯಲ್ಲೇ ಹೊಡೆದಿದ್ದ ಅಪ್ಪ, ಮುಂಗೈ ಚುರುಗುಟ್ಟುವ ಹಾಗೆ. ನಾನು ಕೈ ಉಜ್ಜಿಕೊಳ್ಳುತ್ತಾ ಅಳುತ್ತಾ ನಕ್ಕೆ.

ಸೇರಿಸುವಾಗ ಕೇಳದೇ ಇದ್ದ ಮಾತನ್ನು ಆಗ ಕೇಳಿದೆ. "ಅಪ್ಪಾ, ಇಲ್ಲೇ ಇರ್ತೀಯಾ? ನಿನಗೆ ಇಷ್ಟ ಇದ್ದರೆ ಮಾತ್ರ ಸಹಿ ಹಾಕ್ತೀನಿ."

ಅವನು ನೇತಾಡುವ ಗುಂಡಿಯನ್ನು ಮತ್ತೆ ಬೆರಳಿಗೆ ಸಿಕ್ಕಿಸಿಕೊಂಡ. ತಲೆಯೆತ್ತದೆ, ಒಂದೊಂದೇ ಮಾತು ಎಳೆದೆಳೆದು ಹೇಳಿದ.

"ಹಾಕು. ಆದರೆ ಬೆಳಿಗ್ಗೆ ಹೊತ್ತು ಬರಬೇಡ ನೀನು. ನನಗೆ ಕೆಲಸ ಇರುತ್ತೆ."